ಗುಳಿಗೆಯ ಮೇಲೊಂದು ಎಲೆ

ಸವಣೂರಿನ ದಸ್ತಗೀರಸಾಬರ ಎಲೆತೋಟದಲ್ಲಿ ಬಾವಿಯ ಪಕ್ಕಕ್ಕೆ ಒಂದು ಚಪ್ಪರವಿತ್ತು. ಅದರ ಕೆಳಗೆ ಶಾರವ್ವ ಮತ್ತು ಜನ್ನತಬಿ ಎದುರುಬದುರು ಕೂತು ಹತ್ತೊಂಬತ್ತು ವರ್ಷವಾಗಿತ್ತು. ಗಂಡಸರು ಏಣಿ ಹಾಕಿ ಬಳ್ಳಿಯಿಂದ ಎಲೆ ಕೊಯ್ದು, ಬುಟ್ಟಿ ತುಂಬಿ ತಂದು ಸುರಿಯುವರು. ಹೆಂಗಸರು ಹರಿದದ್ದು, ಚುಕ್ಕೆ ಬಿದ್ದದ್ದು ಬೇರೆ ಮಾಡಿ, ಒಳ್ಳೆಯದನ್ನು ತೊಟ್ಟಿಗೆ ತೊಟ್ಟು ಕೂಡಿಸಿ, ಐದೈದರಂತೆ ಇಪ್ಪತ್ತು ಸಲ ಎಣಿಸಿ ಬಾಳೆನಾರಿನಿಂದ ಬಿಗಿಯುವರು. ನೂರು ಎಲೆಗೆ ಒಂದು ಕಟ್ಟು. ಕಟ್ಟು ಮುಗಿದಾಗೊಮ್ಮೆ ಮಗ್ಗುಲಲ್ಲಿಟ್ಟ ಹುರಿಗೆ ಒಂದು ಗಂಟು. ಕೆಲಸ ಬಿಡುವಾಗ ದಸ್ತಗೀರಸಾಬರು ಗಂಟು ಎಣಿಸಿ ತಲೆಯಾಡಿಸಿದರೆ ಆ ಹುರಿಯ ಕೆಲಸ ಮುಗಿಯಿತು. ಯಾರೂ ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ.

ಶಾರವ್ವ ಹತ್ತಿಮತ್ತೂರಿನ ಹುಡುಗಿ. ಸವಣೂರಿಗೆ ಲಗ್ನವಾಗಿ ಬಂದಳು. ಮಗಳು ಶೇಖವ್ವ ಎರಡು ವರ್ಷದವಳಿದ್ದಾಗ ಗಂಡ ಮಂಜಪ್ಪ ಜ್ವರದಲ್ಲಿ ತೀರಿಕೊಂಡ. ಮೂರು ತಿಂಗಳಾದ ಮೇಲೆ ಕೂಸನ್ನು ಎಲೆಬುಟ್ಟಿಯಲ್ಲಿ ಮಲಗಿಸಿಕೊಂಡು ಆ ಚಪ್ಪರಕ್ಕೆ ಕೆಲಸಕ್ಕೆ ಬಂದಳು. ಮೊದಲ ದಿನ ಎಲೆ ಎಣಿಸುತ್ತ ಎಣಿಸುತ್ತ ಕಣ್ಣೀರು ಬಂದು ಎಲೆಯ ಮೇಲೆ ಬಿತ್ತು. ಎದುರಿಗೆ ಕೂತ ಜನ್ನತಬಿ ನೋಡಿದಳು. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಚೂರು ಇಟ್ಟು, ಮಡಿಚಿ, ಕೈ ಚಾಚಿ ಅವಳ ಬಾಯಿಗೇ ಇಟ್ಟಳು. ಅವತ್ತಿನಿಂದ ಶಾರವ್ವನ ದಿನದ ಮೊದಲ ಎಲೆ ಜನ್ನತಬಿಯ ಕೈಯಿಂದಲೇ. ಶಾರವ್ವ ತೋಟಕ್ಕೆ ಬಂದು ಕೂಡುವುದರೊಳಗೆ ಎಲೆ ತಯಾರಿರುತ್ತಿತ್ತು. ರಂಜಾನ್ ತಿಂಗಳಲ್ಲಿ ಮಾತ್ರ ಅದು ನಿಲ್ಲುವುದು. ಜನ್ನತಬಿ ಉಪವಾಸವಿರುವಾಗ ಅವಳ ಕಣ್ಣೆದುರು ಬಾಯಿ ಆಡಿಸಲು ಶಾರವ್ವನಿಗೆ ಮನಸ್ಸು ಬರುತ್ತಿರಲಿಲ್ಲ. ಹಗಲೆಲ್ಲ ತಾನೂ ಎಲೆ ಬಿಡುವಳು. ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಒಂದೆರಡು ಹಾಕಿಕೊಳ್ಳುವಳು.

ಎಪ್ಪತ್ತರ ವರ್ಷಗಳಲ್ಲಿ ಆ ಚಪ್ಪರದಲ್ಲಿ ಶಾರವ್ವನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಮಧ್ಯಾಹ್ನದೊಳಗೆ ಅರವತ್ತು ಕಟ್ಟು. ಎಂಬತ್ತೊಂದನೇ ಇಸವಿ ದಾಟುತ್ತ ಅವಳಿಗೆ ಏನೋ ಆಗತೊಡಗಿತು. ಬೇಸಿಗೆಯ ಬಿಸಿಲಲ್ಲೂ ಚಳಿ. ಚಪ್ಪರದ ನೆರಳು ಬಿಟ್ಟು ಬಿಸಿಲಿಗೆ ಸರಿದು, ಕೌದಿ ಹೊದ್ದು ಕೂಡುವಳು. ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಮುಖ ಊದಿತು, ಚರ್ಮ ಒಣಗಿ ಬಿಳಿಚಿತು, ದನಿ ಒಡೆಯಿತು. ಎಲ್ಲಕ್ಕಿಂತ ಕೆಟ್ಟದ್ದು ನಿದ್ದೆ. ಅರವತ್ತು ಎಲೆಯ ತನಕ ಎಣಿಸಿದವಳು ಅಲ್ಲೇ ತೂಕಡಿಸಿ, ಎಚ್ಚರಾದಾಗ ಎಲ್ಲಿದ್ದೆ ಎಂದು ತಿಳಿಯದೆ ಮತ್ತೆ ಮೊದಲಿನಿಂದ ಎಣಿಸುವಳು. ಹೊಸದಾಗಿ ಬಂದ ಹೆಂಗಸರು ನಕ್ಕರೆ ಜನ್ನತಬಿ, "ನಗ್ರಿ, ನಗ್ರಿ. ನಾಳೆ ನಿಮಗೂ ವಯಸ್ಸು ಬರತೈತಿ," ಎಂದು ಬಾಯಿ ಮುಚ್ಚಿಸುವಳು. ಶಾರವ್ವನಿಗೆ ಆಗ ನಲವತ್ತೈದೂ ತುಂಬಿರಲಿಲ್ಲ.

ಎಂಬತ್ತೆರಡರಲ್ಲಿ ಶೇಖವ್ವನ ಲಗ್ನವಾಯಿತು. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಗುತ್ತೆಪ್ಪ ಎಂಬ ಹುಡುಗ. ಅವನ ತಾಯಿ ಯಂಕವ್ವ ಎತ್ತರದ, ನೇರ ಮಾತಿನ ಹೆಂಗಸು. ಮರುವರ್ಷ ಸಂಕ್ರಾಂತಿಗೆ ಆಕೆ ಸವಣೂರಿಗೆ ಬೀಗರ ಮನೆಗೆಂದು ಬಂದಳು. ಶಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಂಕವ್ವ ಕೈ ತೊಳೆದು ಒಳಗೆ ಬಂದು ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರಕಾಗಿತ್ತು, ಶಾರವ್ವ ಕೂತಲ್ಲೇ ಕಣ್ಣು ಮುಚ್ಚಿದ್ದಳು, ಸೆರಗಿನ ಅಂಚು ಹೊಗೆಯಾಡುತ್ತಿತ್ತು. ಯಂಕವ್ವ ಬರಿಗೈಯಿಂದ ಬಡಿದು ಆರಿಸಿದಳು. ಅಂಗೈಗೆ ಬೊಬ್ಬೆ ಬಂದಿತು.

"ಬೀಗತಿ, ಇದು ನಿದ್ದಿ ಅಲ್ಲ," ಎಂದಳು ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತ. "ತಡಸದಾಗ ನಮ್ಮ ಕಾಕಾನ ಮಗಳು ಹಿಂಗ ಆಗಿದ್ಲು. ಹಿಂಗ ಮಾರಿ ಊದಿತ್ತು. ಶಿಗ್ಗಾವಿಯಾಗ ರಾಘಣ್ಣ ಡಾಕ್ಟರು ಅದಾರ, ಅವರು ನೆಟ್ಟಗ ಮಾಡಿದ್ರು. ನೀವು ಹೋಗ್ರಿ. ನಾ ಹೇಳಿದ್ದು ಸಿಟ್ಟಿಗಲ್ಲ."

ಶಾರವ್ವ ಶಿಗ್ಗಾವಿಗೆ ಹೋದಳು. ರಾಘಣ್ಣ ಡಾಕ್ಟರು ವಯಸ್ಸಾದವರು, ಹಣೆಯ ಮೇಲೆ ಅಂಗಾರ ಅಕ್ಷತೆ. ಅವಳನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲೆ ಸಣ್ಣದೊಂದು ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಪಾದ ಚಿಮ್ಮಿತು. ಆದರೆ ತಿರುಗಿ ತನ್ನ ಜಾಗಕ್ಕೆ ಬರಲು ಬೇಕೋ ಬೇಡವೋ ಎನ್ನುವಂತೆ ಹೊತ್ತು ತೆಗೆದುಕೊಂಡಿತು.

"ಇದೇ ನೋಡವ್ವಾ," ಎಂದರು. "ಕೊರಳಾಗ ಒಂದು ಗ್ರಂಥಿ ಅದ. ಮೈಯೊಳಗಿನ ಒಲಿ ಅಂತ ತಿಳಕೋ. ನಿಂದು ಬೂದಿ ಮುಚ್ಚೇದ."

ರಕ್ತ ಮುಂಬೈಗೆ ಹೋಯಿತು. ಹದಿನೈದು ದಿನಕ್ಕೆ ಬಂದ ಕಾಗದವೂ ಅದನ್ನೇ ಹೇಳಿತು. ಒಂದು ಬಾಟಲಿ ಸಣ್ಣ ಬಿಳಿ ಗುಳಿಗೆ ಕೊಟ್ಟರು.

"ದಿನಾ ಒಂದು. ಮುಂಜಾನೆ ಎದ್ದ ಕೂಡಲೇ, ಖಾಲಿ ಹೊಟ್ಟಿಲೆ, ನೀರಿನ ಜೋಡಿ. ಆಮ್ಯಾಲೆ ಒಂದು ತಾಸು ಚಾ ಇಲ್ಲ, ಹಾಲು ಇಲ್ಲ, ತಿಂಡಿ ಇಲ್ಲ. ಗಡ್ಡಿಕೋಸು ಕಮ್ಮಿ ಮಾಡು, ಶೇಂಗಾ ಮಿತಿಯೊಳಗ. ಒಂದು ದಿನನೂ ತಪ್ಪಿಸಬ್ಯಾಡ. ಇದು ಜೀವ ಇರೂತನಕ ತಗೊಳ್ಳೋದು. ಎರಡು ಮೂರು ತಿಂಗಳಿಗೆ ನಿನ್ನ ಪಾಡಿಗೆ ನೀ ಬರ್ತಿ."

"ನೀರು ಎಷ್ಟ್ರೀ?" ಎಂದು ಶಾರವ್ವ ಕೇಳಿದಳು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಅಷ್ಟು ಕರಾರುವಾಕ್ಕಾಗಿ ಕೇಳಿದವರು ಅವರಿಗೆ ಅಪರೂಪ. "ಒಂದು ಗ್ಲಾಸು," ಎಂದರು.

ಬಾಟಲಿಯನ್ನು ಜೋಳದ ಗಡಿಗೆಯಲ್ಲಿ, ತಂಪಿನಲ್ಲಿ ಇಟ್ಟಳು. ದಿನಾ ನಸುಕಿನಲ್ಲಿ ಎದ್ದು, ಬಾಯಿ ಮುಕ್ಕಳಿಸಿ, ಗುಳಿಗೆ ನುಂಗಿ, ಒಂದು ಗ್ಲಾಸು ನೀರು ಕುಡಿದು ತೋಟಕ್ಕೆ ನಡೆಯುವಳು. ಮನೆಯಿಂದ ತೋಟ ಒಂದು ಕೂಗಿನ ದೂರ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಹಿಂಡಿ ಬಿಟ್ಟಳು. ಚಾ ಒಂದು ತಾಸಲ್ಲ, ಎರಡು ತಾಸು ತಡಮಾಡಿದಳು. ಓಣಿಯ ಹೆಂಗಸರು ಬದನೆಕಾಯಿ ನಂಜು ಎಂದರು, ಬಿಟ್ಟಳು. ಮೊಸರು ಥಂಡಿ ಎಂದರು, ಅದನ್ನೂ ಬಿಟ್ಟಳು. ಡಾಕ್ಟರು ಹೇಳಿದ್ದರಲ್ಲಿ ಒಂದು ಕೂದಲೆಳೆ ತಪ್ಪಲಿಲ್ಲ, ಹೇಳದ್ದನ್ನೂ ನಾಲ್ಕು ಸೇರಿಸಿಕೊಂಡು ಪಾಲಿಸಿದಳು.

ಎಲೆಯನ್ನು ಮಾತ್ರ ಅವಳೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಎಲೆಯ ಕೆಲಸದವರಿಗೆ ಎಲೆ ಊಟವಲ್ಲ, ತಿಂಡಿಯಲ್ಲ. ಸೋಮವಾರದ ಒಪ್ಪತ್ತಿನಲ್ಲೂ ಶಾರವ್ವನ ಬಾಯಲ್ಲಿ ಎಲೆ ಇರುತ್ತಿತ್ತು. ಅದರಿಂದ ಒಪ್ಪತ್ತು ಕೆಟ್ಟಿತು ಎಂದು ಆ ತೋಟದಲ್ಲಿ ಯಾರೂ ಎಂದೂ ಅಂದಿರಲಿಲ್ಲ. ಅದು ಬಾಯಿಯದು, ಹೊಟ್ಟೆಯದಲ್ಲ. ಹೀಗಾಗಿ ಗುಳಿಗೆ ನುಂಗಿ ಚಪ್ಪರಕ್ಕೆ ಬಂದು ಕೂತ ಕೂಡಲೇ ಜನ್ನತಬಿಯ ಎಲೆ, ಸುಣ್ಣದ ಸಮೇತ, ಎಂದಿನಂತೆ ಬಾಯಿಗೆ ಹೋಗುತ್ತಿತ್ತು.

ಮಾರ್ಚಿನ ಕೊನೆಗೆ ಚಿಕ್ಕೇರೂರಿನಿಂದ ಸುದ್ದಿ ಬಂತು. ಶೇಖವ್ವನಿಗೆ ಎರಡು ತಿಂಗಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಶಾರವ್ವ ಅವತ್ತೇ ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ತೆಗೆದಿಟ್ಟಳು. ಇದ್ದವಳು ಒಬ್ಬಳೇ ಮಗಳು. ಆ ಮಗಳ ಬಾಣಂತನ ಮಾಡುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವುದು, ಅದಕ್ಕಿಂತ ದೊಡ್ಡ ಆಸೆ ಅವಳಿಗೆ ಬೇರೆ ಇರಲಿಲ್ಲ. ಆದರೆ ಸುದ್ದಿ ತಂದ ಗುತ್ತೆಪ್ಪ ನೆಲ ನೋಡುತ್ತ ಇನ್ನೊಂದು ಮಾತು ಹೇಳಿದ. "ಅವ್ವ ಹೇಳ್ಯಾಳ್ರಿ ಅತ್ತಿ. ನೀವು ಆರಾಮ ಆದ್ರ ಇಲ್ಲಿಗೇ ಕಳಸ್ತೇವಿ. ಇಲ್ಲಂದ್ರ... ಅಲ್ಲೇ ಮಾಡ್ತೇವಿ ಅಂತ."

ಮಗಳು ಬರುವುದು ಬಿಡುವುದು ಈಗ ಆ ಗುಳಿಗೆಯ ಮೇಲೆ ನಿಂತಿತು.

ಪ್ರತಿ ಅಮಾಸೆಯ ಮಾರನೇ ದಿನ ಶಿಗ್ಗಾವಿಗೆ ಹೋಗಿ ತೋರಿಸಿ ಬರುವುದು ಎಂದಾಗಿತ್ತು. ಮೊದಲ ಸಲ ಹೋದಾಗ ಡಾಕ್ಟರು ಕೇಳಿದರು, "ಹಿಂದಿನಕಿಂತ ಛಲೋ ಅನ್ನಸ್ತದೇನು? ಎಷ್ಟು ಛಲೋ?" ಶಾರವ್ವನಿಗೆ ಉತ್ತರ ಹೊಳೆಯಲಿಲ್ಲ. ಅನ್ನಿಸುವುದನ್ನು ಹೇಗೆ ಹೇಳುವುದು? ತಿರುಗಿ ಬರುವಾಗ ಬಸ್ಸಿನಲ್ಲಿ ಯೋಚಿಸಿದಳು. ಅವಳಿಗೆ ಅಕ್ಷರ ಬಾರದು. ಆದರೆ ಗಂಟು ಬರುತ್ತದಲ್ಲ? ಅವತ್ತಿನಿಂದ ದಿನದ ಹುರಿಯನ್ನು ಎಸೆಯದೆ ಮನೆಗೆ ತಂದು, ಗೋಡೆಯ ಗೂಟಗಳ ನಡುವೆ ಕಟ್ಟಿದ ಒಂದು ಬಿದಿರಿನ ಗಳಕ್ಕೆ ಸಾಲಾಗಿ ಕಟ್ಟತೊಡಗಿದಳು. ಅಮಾಸೆ ಬಂದಾಗ ನಡುವೆ ಒಂದು ಕೆಂಪು ದಾರ.

ಮೂವತ್ತನಾಲ್ಕು ಗಂಟು. ಮೂವತ್ತೈದು. ಮೂವತ್ತಮೂರು. ಮೂರನೆಯ ಕೆಂಪು ದಾರದ ಹೊತ್ತಿಗೂ ಅಷ್ಟೇ. ಡಾಕ್ಟರು ಹುಬ್ಬು ಗಂಟಿಕ್ಕಿ ಗುಳಿಗೆಯನ್ನು ಒಂದೂವರೆ ಮಾಡಿದರು.

"ದಿನಾ ತಗೊಳ್ತಿಯಿಲ್ಲೋ?"

"ನನ್ನ ಮಗಳ ಆಣಿ ಮಾಡ್ತೇನ್ರಿ."

ನಾಲ್ಕನೆಯ ದಾರ ಕಟ್ಟಿದ ಎರಡು ಮೂರು ದಿನಕ್ಕೆ ರಂಜಾನ್ ಬಂತು. ಆ ತಿಂಗಳ ಎರಡನೆಯ ವಾರ ಶಾರವ್ವ ಒಂದು ಬೆಳಗ್ಗೆ ಕೌದಿ ಮರೆತು ತೋಟಕ್ಕೆ ಬಂದಳು. ಮೂರನೆಯ ವಾರ ತಾನಾಗಿ ನೆರಳಿಗೆ ಸರಿದು ಕೂತಳು. ಗಂಟು ನಲವತ್ತು ದಾಟಿತು, ನಲವತ್ತೇಳಾಯಿತು, ಹಬ್ಬದ ಹಿಂದಿನ ದಿನ ಐವತ್ತೆರಡು.

"ಶಾರಿ, ನಿನ್ನ ಮಾರಿ ಇಳದೈತಲ್ಲೇ," ಎಂದಳು ಜನ್ನತಬಿ. "ನಾನು ಉಪವಾಸ ಮಾಡಿದ್ರ ನೀ ತೆಳ್ಳಗ ಆಗತಿ. ಇದ್ಯಾವ ನ್ಯಾಯ?"

ಒಂದೂವರೆ ಗುಳಿಗೆ ಈಗ ಹಿಡಿಯಿತು ಎಂದು ಎಲ್ಲರೂ ತಿಳಿದರು. ಶಾರವ್ವನೂ ತಿಳಿದಳು. ಹಬ್ಬದ ಮಾರನೇ ದಿನ ಜನ್ನತಬಿ ಏಲಕ್ಕಿಯನ್ನೂ ಹಾಕಿ ಮೊದಲ ಎಲೆ ಕೊಟ್ಟಳು. ಶಾರವ್ವ ಕಣ್ಣು ಮುಚ್ಚಿ ಅಗಿದಳು.

ಒಂದು ತಿಂಗಳು ಕಳೆಯುವುದರೊಳಗೆ ಚಳಿ ತಿರುಗಿ ಬಂತು. ಕೌದಿ ಬಂತು. ತೂಕಡಿಕೆ ಬಂತು. ಆಗಸ್ಟಿನ ಕೊನೆಗೆ ಚಿಕ್ಕೇರೂರಿನಲ್ಲಿ ಶೇಖವ್ವನಿಗೆ ಏಳನೆಯ ತಿಂಗಳ ಕುಬಸ ಇಟ್ಟುಕೊಂಡಿದ್ದರು. ಶಾರವ್ವ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹೋದಳು. ಮಣೆಯ ಮೇಲೆ ಕೂತ ಮಗಳನ್ನು ನೋಡಿ ಹೊಟ್ಟೆ ತುಂಬಿತು. ಹೆಂಗಸರು ಹಾಡತೊಡಗಿದರು. ಆರತಿ ತಟ್ಟೆ ಹಿಡಿದು ನಿಂತ ಶಾರವ್ವ ಹಾಡಿನ ನಡುವೆ, ನಿಂತಲ್ಲೇ, ತೂಕಡಿಸಿದಳು. ತಟ್ಟೆ ವಾಲಿ ಉರಿಯುವ ಬತ್ತಿ ನೆಲಕ್ಕೆ ಬಿತ್ತು, ಶೇಖವ್ವನ ಕಾಲಿಗೆ ಒಂದು ಗೇಣು ದೂರ.

ಹಾಡು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಶಾರವ್ವನಿಗೆ ಹಗುರಾಗುತ್ತಿತ್ತು.

ಮಂದಿ ಹೋದ ಮೇಲೆ ಯಂಕವ್ವ ಅವಳನ್ನು ಹಿತ್ತಲಿಗೆ ಕರೆದು ಕೂಡಿಸಿಕೊಂಡಳು. "ಬೀಗತಿ, ನೀವ ಹೇಳ್ರಿ. ಕುದಿಯೋ ನೀರು, ಒದ್ದಿ ನೆಲ, ಕೈಯಾಗ ಕೂಸು. ನನ್ನ ಮನಸ್ಸು ಒಪ್ಪವಲ್ದು."

"ನನ್ನ ಮಗಳ ಐತ್ರಿ ಅದು," ಎಂದಳು ಶಾರವ್ವ. 

"ಅದಕ್ಕ ಹೇಳಾಕತ್ತೇನಿ." ಯಂಕವ್ವ ಬೆರಳು ಮಡಿಚಿ ದಿನ ಎಣಿಸಿದಳು. ಆಮೇಲೆ, "ದಸರಾ ಆದ ಮ್ಯಾಲೆ ನಾನ ಸವಣೂರಿಗೆ ಬರ್ತೇನಿ. ಮೂರು ದಿನ ಇರ್ತೇನಿ. ಕಣ್ಣಾರೆ ನೋಡ್ತೇನಿ. ಆಗ ಹೇಳತೇನಿ," ಎಂದಳು.

ಶೇಖವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ತಾಯಿ ಬಸ್ಸು ಹತ್ತುವಾಗ, "ಅವ್ವಾ, ನನಗ ನಿನ್ನ ಹಂತ್ಯಾಕ ಬರೋದೈತಿ," ಎಂದಷ್ಟೇ ಹೇಳಿದಳು.

ತಿರುಗಿ ಬಂದ ಮಾರನೇ ದಿನ ಶುಕ್ರವಾರ, ತೋಟಕ್ಕೆ ಸೂಟಿ. ಶಾರವ್ವ ಬಿದಿರಿನ ಗಳವನ್ನು ಇಳಿಸಿ ನೆಲದ ಮೇಲಿಟ್ಟಳು. ಹುರಿಗಳನ್ನು ಒಂದೊಂದಾಗಿ ಎಳೆದು ನೇರ ಮಾಡಿ ಚಾಚಿದಳು. ಕಣ್ಣಿಗೆ ಮಂಕು ಕವಿದರೆ ಎದ್ದು ಮುಖ ತೊಳೆದು ಬಂದು ಮತ್ತೆ ಕೂಡುವಳು. ಗಂಟಿಗೆ ಗಂಟು ಒತ್ತೊತ್ತಾಗಿದ್ದ ಹುರಿಗಳೆಲ್ಲ ಒಂದೇ ಕಡೆ ಕೂಡಿದ್ದವು. ನಾಲ್ಕನೆಯ ಕೆಂಪು ದಾರ ದಾಟಿ ಎರಡು ವಾರಕ್ಕೆ ಶುರುವಾಗಿ, ಐದನೆಯದು ದಾಟಿ ಎರಡು ವಾರದ ತನಕ. ಆಮೇಲೆ ಇಳಿಯುತ್ತ ಇಳಿಯುತ್ತ ಮತ್ತೆ ಮೊದಲಿನಂತೆ.

ಗುಳಿಗೆ ಒಂದೂವರೆ ಆದದ್ದು ಮೂರನೆಯ ದಾರಕ್ಕೆ. ಅಲ್ಲಿಂದ ಒಂದು ತಿಂಗಳು ಗಂಟು ಹೆಚ್ಚಿರಲಿಲ್ಲ. ಈಗಲೂ ಒಂದೂವರೆಯೇ ನುಂಗುತ್ತಾಳೆ, ಆದರೂ ಇಳಿದಿದೆ. ಹಾಗಾದರೆ ಗುಳಿಗೆಯಲ್ಲ. ಆ ರಂಜಾನ್ ತಿಂಗಳು ತಾನು ಮಾಡಿದ್ದೇನು? ರೊಟ್ಟಿ ಅದೇ, ಪಲ್ಯ ಅದೇ, ಚಾ ಅದೇ ಹೊತ್ತಿಗೆ. ಹೊತ್ತು ಮುಳುಗಿದ ಮೇಲೆ ಜನ್ನತಬಿ ಕೊಡುತ್ತಿದ್ದ ಖರ್ಜೂರ? ಅದು ದಿನಾ ಇರಲಿಲ್ಲ. ಮಾಡಿದ್ದು ಸಿಗದಾಗ ಶಾರವ್ವ ತಿರುಗಿಸಿ ಕೇಳಿಕೊಂಡಳು: ಆ ತಿಂಗಳು ಮಾಡದೆ ಬಿಟ್ಟದ್ದೇನು?

 ಉತ್ತರ ತಿಳಿದಿತ್ತು. ಅದು ಜನ್ನತಬಿಯ ಎಲೆಯಾಗಿರಬಾರದಿತ್ತು.

ಅಂದಾಜಿನ ಮೇಲೆ ಅಂಥ ಮಾತು ಜನ್ನತಬಿಗೆ ಹೇಳುವಂತಿರಲಿಲ್ಲ. ಸೋಮವಾರ ಹುರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿಗ್ಗಾವಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಹಾಸಿದಳು. ರಾಘಣ್ಣ ಡಾಕ್ಟರು ಮೊದಲು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು ಬಗ್ಗಿದರು. ಕೆಂಪು ದಾರ ಯಾತಕ್ಕೆ, ಶುಕ್ರವಾರದ ಸೂಟಿ ಎಲ್ಲಿ ಬರುತ್ತದೆ ಎಂದು ಒಂದೊಂದೇ ಕೇಳಿ ತಿಳಿದುಕೊಂಡರು. ಹೊರಗೆ ಕೂತ ರೋಗಿಗಳು ಎರಡು ಸಲ ಇಣುಕಿದರು.

"ಗುಳಿಗಿ ತಗೊಂಡು ಎಷ್ಟು ಹೊತ್ತಿಗೆ ಎಲಿ ಹಾಕೋತಿ?"

"ತ್ವಾಟ ಮುಟ್ಟಿದ ಕೂಡಲೇರಿ."

"ಖಾಲಿ ಹೊಟ್ಟಿ ಅಂತ ಹೇಳಿದ್ದೆನಲ್ಲ?"

"ಎಲಿ ಹೊಟ್ಟಿಗೆ ಹೋಗಂಗಿಲ್ಲಲ್ರೀ. ಬಾಯಾಗ ಇರತೈತಿ."

ಡಾಕ್ಟರು ಹಣೆ ಉಜ್ಜಿಕೊಂಡರು. "ನಮ್ಮವ್ವ ಏಕಾದಶಿ ಮಾಡ್ತಾಳ. ನೀರೂ ಮುಟ್ಟೂದಿಲ್ಲ, ಉಗುಳೂ ನುಂಗೂದಿಲ್ಲ ಅಂತಾಳ. ನನಗ ಖಾಲಿ ಅಂದ್ರ ಅದು. ನಿಮ್ಮ ಖಾಲಿ ಬ್ಯಾರೆ ಇರ್ತದ ಅಂತ ನನಗ ಹೊಳೀಲೇ ಇಲ್ಲ ನೋಡು. ತಪ್ಪು ನಂದು. ಕೇಳಬೇಕಾಗಿತ್ತು."

"ಎಲಿನ ಕಾರಣೇನ್ರಿ?"

"ಎಲಿಯೋ ಸುಣ್ಣವೋ, ನನ್ನ ಪುಸ್ತಕದೊಳಗ ನಾ ಓದಿಲ್ಲ. ಸುಣ್ಣ ಅಂತ ನನಗ ಸಂಶೆ. ಗುಳಿಗಿನ್ನ ಅದು ಹಿಡಕೊಂಡು ಮೈಗೆ ಹತ್ತಗೊಡೂದಿಲ್ಲೇನೋ. ಆದ್ರ ನಿನ್ನ ಹುರಿ ಸುಳ್ಳು ಹೇಳೂದಿಲ್ಲ." ಅವರು ಚೀಟಿ ಬರೆದರು. "ಎಲಿ ಬಿಡು ಅನ್ನೂದಿಲ್ಲ, ಬಿಟ್ರ ಛಲೋ. ಗುಳಿಗಿ ತಗೊಂಡ ಮ್ಯಾಲೆ ನಾಲ್ಕು ತಾಸು ಸುಣ್ಣ ಬಾಯಿಗೆ ಹೋಗಬಾರದು. ಮತ್ತ ಗುಳಿಗಿ ತಿರುಗಿ ಒಂದಕ್ಕ ಇಳಸ್ತೀನಿ. ಈಗ ಪೂರಾ ಹತ್ತಿತು ಅಂದ್ರ ಒಂದೂವರಿ ಹೆಚ್ಚಾಗಿ ಎದಿ ಡವಡವ ಅಂದೀತು. ಹಂಗ ಆದ್ರ ಅವತ್ತೇ ಬಾ."

"ದಸರಾದೊಳಗ ಆರಾಮ ಆಗತೇನ್ರಿ?"

"ಆರು ವಾರ ಅದ. ಆಗಬೇಕು," ಎಂದರು. ಖಂಡಿತ ಎನ್ನಲಿಲ್ಲ. ಶಾರವ್ವ ಆ ವ್ಯತ್ಯಾಸ ಗಮನಿಸಿದಳು.

ಮರುದಿನ ಚಪ್ಪರಕ್ಕೆ ಬಂದು ಕೂತಳು. ಜನ್ನತಬಿಯ ಕೈ ಎಂದಿನಂತೆ ಮುಂದೆ ಬಂತು.

"ಹಿಡಿ."

"ಈಗ ಬ್ಯಾಡ, ಜನ್ನತಾ."

"ಯಾಕ, ಬಾಯಾಗ ಹುಣ್ಣಾಗ್ಯಾವ?"

"ಇಲ್ಲ. ನಾಕು ತಾಸು ಬಿಟ್ಟು ಕೊಡು. ನಿನ್ನ ಕೈಲೇನ ಕೊಡು. ಈಗ ಬ್ಯಾಡ."

ಚಾಚಿದ ಕೈ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಆ ಕೈ ಒಮ್ಮೆಯೂ ಖಾಲಿಯಾಗದೆ ಹಿಂದಕ್ಕೆ ಹೋಗಿರಲಿಲ್ಲ. ಶಾರವ್ವ ಹುರಿಯ ವಿಷಯ, ಸುಣ್ಣದ ವಿಷಯ, ರಂಜಾನಿನ ವಿಷಯ, ಡಾಕ್ಟರು ಹೇಳಿದ್ದು ಎಲ್ಲವನ್ನೂ ಮೆಲ್ಲಗೆ, ಒಂದೂ ಬಿಡದೆ ಹೇಳಿದಳು. ಜನ್ನತಬಿ ಕೇಳಿದಳು. ಮಡಿಚಿದ ಎಲೆಯನ್ನು ಬಿಚ್ಚಿ, ಅಡಿಕೆ ತೆಗೆದು ಡಬ್ಬಿಗೆ ಹಾಕಿ, ಎಲೆಯನ್ನು ಬಾವಿಯ ಕಡೆಗೆ ಎಸೆದಳು. ಆಮೇಲೆ ಒಂಬತ್ತು ಕಟ್ಟು ಕಟ್ಟಿದಳು.

ಹತ್ತನೆಯ ಕಟ್ಟಿಗೆ ಅಂದಳು, "ಹಂಗಾರ ಆರು ತಿಂಗಳು ದಿನಾ ಮುಂಜಾನೆ ನಾನ ನಿನಗ ವಿಷ ಹಾಕೇನಿ."

"ನೀ ಎಲಿ ಹಾಕಿದಿ. ಬಾಯಿ ತೆರದಾಕಿ ನಾನು."

"ಮಾತು ಕಲತೀ ನೋಡು, ಡಾಕ್ಟರ ಕಡೆ ಹೋಗಿ ಹೋಗಿ."

"ಜನ್ನತಾ, ನಿನಗ ಹೇಳೂದಕ್ಕಿಂತ ಹಿಂಗ ಇದ್ದುಬಿಡೂಣು ಅಂತ ಒಂದು ಗಳಿಗಿ ಅನ್ನಿಸಿತ್ತು."

"ಹುಚ್ಚಿ," ಎಂದಳು ಜನ್ನತಬಿ. ಅವಳ ಕಣ್ಣು ಒದ್ದೆಯಾಗಿತ್ತು. "ನಿನ್ನ ಮಗಳ ಬಾಣಂತನಕಿಂತ ನನ್ನ ಎಲಿ ದೊಡ್ಡದೇನ? ನಾಕು ತಾಸು ಅಂದ್ರ ಎಷ್ಟ?"

ಅಲ್ಲಿ ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ, ದಸ್ತಗೀರಸಾಬರದು ಬಿಟ್ಟು. ಅವರನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು ಒಂದು ತಾಸಿಗೆ ಜನ್ನತಬಿ ಎಷ್ಟು ಕಟ್ಟು ಕಟ್ಟುತ್ತಾಳೆ ಎಂದು ನೋಡಿದರು. ಹತ್ತು. ಶಾರವ್ವನ ಕೈಯ ಲೆಕ್ಕ ಹಿಡಿಯುವಂತಿರಲಿಲ್ಲ, ಅದು ದಿನಕ್ಕೊಂದು ಇರುತ್ತಿತ್ತು. ಹೀಗೆ ಜನ್ನತಬಿಯ ನಲವತ್ತನೆಯ ಕಟ್ಟು ಎಂದರೆ ಶಾರವ್ವನಿಗೆ ಎಲೆಯ ಹೊತ್ತು ಎಂದಾಯಿತು.

"ರಂಜಾನದಾಗ ನನ್ನ ಸಲುವಾಗಿ ನೀ ಬಾಯಿ ಕಟ್ಟಿದಿ, ಹೌದಿಲ್ಲ? ಇನ್ನ ನಾನೂ ಕಟ್ಟತೇನಿ," ಎಂದಳು ಜನ್ನತಬಿ. "ನಲವತ್ತು ಆಗೂತನಕ ಇಬ್ಬರಿಗೂ ಇಲ್ಲ."

ದಸ್ತಗೀರಸಾಬರು ತಲೆ ಕೆರೆದುಕೊಂಡರು. "ಎಲಿ ಕಟ್ಟೋರ ಎಲಿ ತಿನ್ನಲಿಲ್ಲಂದ್ರ ಊರ ಮಂದಿ ನನ್ನ ಎಲಿ ಕೊಂಡಾರೇನವಾ?"

"ನಿಮ್ಮ ಎಲಿ ಪೈಕಿ ದಿನಾ ಇಪ್ಪತ್ತು ಉಳೀತಾವ. ಸುಮ್ನ ಖುಷಿ ಪಡ್ರಿ ಸಾಬ್ರ," ಎಂದಳು ಜನ್ನತಬಿ.

ಮೊದಲ ಎರಡು ವಾರ ಶಾರವ್ವನಿಗೆ ಬಹಳ ಕಷ್ಟವಾಯಿತು. ಬಾಯಿ ಜೊಲ್ಲು ಸುರಿಸುವುದು, ಕೈ ತಾನಾಗಿ ಸುಣ್ಣದ ಡಬ್ಬಿಗೆ ಹೋಗುವುದು. ಕೈ ಹೋದಾಗೊಮ್ಮೆ ಎದುರಿನಿಂದ, "ಇಪ್ಪತ್ತಮೂರು!" ಎಂದು ಜನ್ನತಬಿ ಗದರುವಳು. ಗಂಟು ಮೂವತ್ತನಾಲ್ಕರ ಹತ್ತಿರವೇ ನಿಂತಿತ್ತು. ಶಾರವ್ವ ಕೂಸಿನ ಬಟ್ಟೆಯ ಗಂಟನ್ನು ಬಿಚ್ಚುವುದೂ ಬೇಡ ಎಂದು ಮೇಲಿನ ಗೂಡಿಗೆ ಎತ್ತಿಟ್ಟಳು. ಮೂರನೆಯ ವಾರ ನಲವತ್ತೊಂದಾಯಿತು. ಯಾರಿಗೂ ಹೇಳಲಿಲ್ಲ. ಐದನೆಯ ವಾರ ಐವತ್ತು. ದಸರೆಯ ಬನ್ನಿ ಕೊಡುವ ಹೊತ್ತಿಗೆ ಐವತ್ತೈದು. ಎದೆ ಡವಗುಟ್ಟಲಿಲ್ಲ. ಗೂಡಿನಿಂದ ಬಟ್ಟೆ ಇಳಿಸಿ, ಒಗೆದು, ಬಿಸಿಲಿಗೆ ಹಾಕಿದಳು.

ಹೇಳಿದ ಮಾತಿನಂತೆ ಯಂಕವ್ವ ಬಂದಳು. ಮೊದಲ ದಿನ ನಸುಕಿನಲ್ಲಿ ಎದ್ದು, ಶಾರವ್ವ ಗುಳಿಗೆ ನುಂಗುವುದನ್ನು ಹಾಸಿಗೆಯಲ್ಲಿ ಕೂತು ನೋಡಿದಳು. ಚಾ ಮಾಡಿ ಕೊಟ್ಟರೆ ಶಾರವ್ವ, "ನಂದು ಇನ್ನ ಹೊತ್ತೈತ್ರಿ," ಎಂದಳು. ಯಂಕವ್ವ ತೋಟಕ್ಕೂ ಹಿಂದೆಯೇ ಬಂದು ಚಪ್ಪರದ ಕಂಬಕ್ಕೆ ಒರಗಿ ಕೂತಳು. ಎರಡನೆಯ ದಿನ ಒಲೆಯ ಮುಂದೆ ಕೂತು ರೊಟ್ಟಿ ಎಣಿಸಿದಳು. ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ. ಶಾರವ್ವನಿಗೆ ಲಗ್ನಕ್ಕೆ ಮುಂಚೆ ಹೆಣ್ಣು ನೋಡಲು ಬಂದವರ ಮುಂದೆ ಕೂತಂತಾಯಿತು.

ಮೂರನೆಯ ದಿನ ಬೆಳಗ್ಗೆ ಜನ್ನತಬಿ ಅಂಗಳಕ್ಕೆ ಬಂದಳು. ತೋಳಿನಲ್ಲಿ ಎರಡು ತಿಂಗಳ ಮೊಮ್ಮಗಳು.

"ಬೀಗ್ತಿ, ಮೂರು ದಿನದಿಂದ ರೊಟ್ಟಿ ನೋಡಾಕತ್ತೀರಿ. ರೊಟ್ಟಿ ನೋಡಿ ಏನ ತಿಳೀತೈತಿ? ಇದು ನಮ್ಮ ಕೂಸು. ಇವತ್ತ ಶಾರಿ ನೀರು ಹಾಕ್ಲಿ. ನೀವು ಕುಂತು ನೋಡ್ರಿ."

ಯಂಕವ್ವ ಬೆರಗಾದಳು. "ನಿಮಗ ಅಂಜಿಕಿ ಇಲ್ಲೇನ್ರಿ?"

"ಆರು ವಾರ ಆಕಿ ಗಂಟು ಎಣಿಸಿದಾಕಿ ನಾನು," ಎಂದಳು ಜನ್ನತಬಿ. ಕೂಸನ್ನು ಶಾರವ್ವನ ತೋಳಿಗೆ ಕೊಟ್ಟು, ತಾನು ಬಚ್ಚಲಿಗೆ ಬೆನ್ನು ಹಾಕಿ, ಅಂಗಳದ ತುಳಸಿಯ ಹತ್ತಿರ ಹೋಗಿ ಕೂತಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಶಾರವ್ವ ಬಚ್ಚಲಿನಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಮೊಣಕೈ ಅದ್ದಿ ನೀರು ನೋಡಿದಳು. ತಣ್ಣೀರು ಬೆರೆಸಿ ಮತ್ತೆ ನೋಡಿದಳು. ಕೂಸನ್ನು ಮೊಳಕಾಲಿನ ಕೆಳಗೆ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಬೋರಲಾಗಿ ಮಲಗಿಸಿ ಎಣ್ಣೆ ತೀಡಿದಳು. ಎಡಗೈ ಒಂದು ಕ್ಷಣವೂ ಕೂಸಿನ ಎದೆಯ ಕೆಳಗಿಂದ ಸರಿಯಲಿಲ್ಲ. ತಂಬಿಗೆಯಿಂದ ನೀರು ಸಣ್ಣ ಧಾರೆಯಾಗಿ ಬೆನ್ನ ಮೇಲೆ ಬಿದ್ದಾಗ ಕೂಸು ಮೊದಲು ಚೀರಿತು, ಆಮೇಲೆ ಸುಮ್ಮನಾಗಿ ಬೆರಳು ಬಿಚ್ಚಿತು. ಶಾರವ್ವನಿಗೆ ಯಂಕವ್ವ ಅಲ್ಲಿರುವುದೇ ಮರೆತುಹೋಯಿತು. ಅದರ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ ಬೆರಳಾಡಿಸುತ್ತ ಅದರ ಜೊತೆ ಏನೋ ಮಾತಾಡುತ್ತಿದ್ದಳು.

"ಅಲ್ರೀ ಬೀಗತಿ," ಎಂದು ಯಂಕವ್ವನ ದನಿ ಏರಿತು. "ನೆತ್ತಿಗೆ ಮದಲ ಹಾಕೂದು ಬಿಟ್ಟು ಬೆನ್ನಿಗೆ ಹಾಕಾಕತ್ತೀರಲ್ಲ?"

"ನಮ್ಮ ಕಡೆ ಮದಲ ಬೆನ್ನಿಗೇರಿ. ಅಂಜಿಕಿ ಹೋಗತೈತಿ."

"ನಮ್ಮ ಚಿಕ್ಕೇರೂರಾಗ ನೆತ್ತಿಗೆ. ನನ್ನ ಮೊಮ್ಮಗನಿಗೆ ಬೆನ್ನಿಗೆ ಹಾಕಿದ್ರ ನಾ ಸುಮ್ನ ಇರಂಗಿಲ್ಲ, ಈಗ ಹೇಳಿರ್ತೇನಿ."

ಶಾರವ್ವ ತಂಬಿಗೆ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಯಂಕವ್ವ ಆಗಲೇ ಸೆರಗು ಸಿಕ್ಕಿಸಿ, ಕೂಸನ್ನು ಸುತ್ತಲು ಬಟ್ಟೆ ಹಿಡಿದು ಬಚ್ಚಲಿನ ಬಾಗಿಲಿಗೆ ಬಂದು ನಿಂತಿದ್ದಳು.

"ಮೊಮ್ಮಗಾ ಅಂತ ಯಾರ ಹೇಳಿದ್ರು? ಮೊಮ್ಮಗಳೂ ಆಗಬಹುದ್ರಿ," ಎಂದಳು ಜನ್ನತಬಿ ತುಳಸಿಯ ಹತ್ತಿರದಿಂದ, ಇನ್ನೂ ತಿರುಗದೆ.

"ಯಾರಾದ್ರೂ ಆಗಲಿ, ನೆತ್ತಿಗೆ ಮದಲ," ಎಂದಳು ಯಂಕವ್ವ. ಒದ್ದೆ ಕೂಸನ್ನು ಎತ್ತಿ ಒರೆಸುತ್ತ, ಶಾರವ್ವನ ಮುಖ ನೋಡದೆ ಹೇಳಿದಳು. "ಗುರುವಾರ ಶೇಖಿನ್ನ ಕರಕೊಂಡು ಬರ್ತೇನಿ. ಮುಂಜಾನಿ ಬಸ್ಸಿಗೆ. ಎಂಟು ದಿನಕ್ಕೊಮ್ಮೆ ಬಂದು ನೋಡ್ತೇನಿ ಮತ್ತ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಬರ್ರಿ," ಎಂದಳು ಶಾರವ್ವ.  "ದಿನಾ ಬರ್ರಿ. ನೋಡೋರು ಎಷ್ಟು ಮಂದಿ ಇದ್ರೂ ಕೂಸಿಗೆ ಛಲೋನ."

ದೀಪಾವಳಿಯ ಹಿಂದುಮುಂದೆ ಶೇಖವ್ವ ಹೆತ್ತಳು, ಹೆಣ್ಣು. ಶಾರವ್ವ ನಲವತ್ತು ದಿನ ತೋಟಕ್ಕೆ ಹೋಗಲಿಲ್ಲ. ನಸುಕಿನಲ್ಲಿ ಗುಳಿಗೆ ನುಂಗಿ, ನೀರು ಕುಡಿದು, ಬಚ್ಚಲೊಲೆಗೆ ಉರಿ ಹಾಕುವಳು. ಹಂಡೆಯ ನೀರು ಕಾಯುವುದರೊಳಗೆ ಒಂದು ತಾಸು ಕಳೆಯುತ್ತಿತ್ತು. ತಾಯಿಗೆ ನೀರೆರೆದು, ಕೂಸಿಗೆ ಹಾಕಿ, ಇಬ್ಬರಿಗೂ ಲೋಬಾನದ ಹೊಗೆ ಕೊಟ್ಟು ಮಲಗಿಸಿದ ಮೇಲೆ ಅವಳ ಚಾ. ಯಂಕವ್ವ ಬಂದ ದಿನ ನೀರು ಮೊದಲು ನೆತ್ತಿಗೆ ಬೀಳುತ್ತಿತ್ತು. ಉಳಿದ ದಿನ ಬೆನ್ನಿಗೆ.